ಅಕ್ಕ ಮುಂದಿನ ಸೀಟಿಗೆ ಕೂತ ದಿನ

ನಮ್ಮ ಮಾವ ಪ್ರಭುಲಿಂಗಪ್ಪನ ಮೇಲೆ ನನಗೆ ಮೂವತ್ತೇಳು ವರ್ಷಗಳಿಂದ ಸಿಟ್ಟು. ಮಾವ ಎಂದರೆ ಹೆಂಡತಿಯ ತಂದೆಯಲ್ಲ, ಅಕ್ಕನ ಗಂಡ. ನಮ್ಮ ಕಡೆ ಇಬ್ಬರಿಗೂ ಅದೇ ಹೆಸರು. ಎದುರಿಗಿದ್ದಾಗ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನ್ನಿಂದಾಗದು. ಅವನು ಕೆಟ್ಟವನಾಗಿದ್ದರೆ ಒಂದು ಸಲ ಜಗಳ ತೆಗೆದು ಕೈತೊಳೆದುಕೊಳ್ಳಬಹುದಿತ್ತು. ಕುಡಿಯಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ಅಕ್ಕನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಆದರೆ ಅವನಿಗೊಂದು ಅಂಬಾಸಿಡರ್ ಇತ್ತು.

ಬಿಳಿ ಬಣ್ಣದ್ದು. ಮದುವೆಯಾದ ವರ್ಷವೇ ತಂದ. ಆಗ ಬ್ಯಾಡಗಿಯಲ್ಲಿ ಬಾಡಿಗೆ ಕಾರುಗಳು ಬೆರಳೆಣಿಕೆಯಷ್ಟು. ಮೆಣಸಿನಕಾಯಿ ಖರೀದಿಗೆ ಆಂಧ್ರದಿಂದ, ಮುಂಬೈಯಿಂದ ಬಂದ ವ್ಯಾಪಾರಿಗಳಿಗೆ ಮಾರುಕಟ್ಟೆಯ ಕೆಲಸ ಮುಗಿದ ಮೇಲೆ ಗೋಕರ್ಣದ ಭಕ್ತಿ ಉಕ್ಕಿದರೆ ಮಾವನಿಗೇ ಕರೆ. ಮದುಮಕ್ಕಳನ್ನು ಹೊತ್ತ, ದಿನ ತುಂಬಿದ ಬಸುರಿಯರನ್ನು ಹೊತ್ತ. ಹೊಲದ ವ್ಯಾಜ್ಯಕ್ಕೆ ಹಾವೇರಿ ಕೋರ್ಟಿಗೆ ಹೊರಟ ಅಣ್ಣತಮ್ಮಂದಿರನ್ನು ಒಂದೇ ಸೀಟಿನಲ್ಲಿ ಒತ್ತಿ ಕೂರಿಸಿಕೊಂಡು ಹೋಗಿ, ವಾಪಸು ಬರುವಾಗ ಎರಡು ಸರ್ತಿ ಓಡಾಡಿದ. ಊರೆಲ್ಲ ಕೂತಿಳಿದ ಆ ಕಾರಿನಲ್ಲಿ ಕೂರದೆ ಉಳಿದವಳು ನಮ್ಮಕ್ಕ ಪುಷ್ಪಾವತಿ. ಬಾಡಿಗೆ ಗಾಡಿಯ ಮುಂದಿನ ಸೀಟಿನಲ್ಲಿ ಮನೆಯ ಹೆಂಗಸು ಕೂತರೆ ಗಾಡಿಗೆ ಬಾಡಿಗೆ ಹತ್ತುವುದಿಲ್ಲ ಎಂದು ಸ್ಟ್ಯಾಂಡಿನ ಡ್ರೈವರುಗಳ ನಂಬಿಕೆ. ಹಿಂದೆ ಕೂರಿಸಬಹುದಿತ್ತಲ್ಲ ಎಂದರೆ, ಹಿಂದಿನ ಸೀಟು ಖಾಲಿ ಇದ್ದ ದಿನವಾದರೂ ಯಾವುದು? ಅಕ್ಕ ತವರಿಗೆ ಬರುತ್ತಿದ್ದುದು ಬಸ್ಸಿನಲ್ಲಿ, ಬಗಲಲ್ಲಿ ಮಗಳು ಶೈಲಶ್ರೀ, ಕೈಯಲ್ಲಿ ಚೀಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಅಕ್ಕ ಆ ಕಾರನ್ನು ಸವತಿ ಎನ್ನುತ್ತಿದ್ದಳು. ಬೆಳಿಗ್ಗೆ ನಾನು ಮನೆಗೆ ಹೋದರೆ, ‘‘ನಿಮ್ಮ ಮಾವ ಸವತಿಗೆ ಜಳಕಾ ಮಾಡಸಾಕತ್ತಾರ, ಕುಂದ್ರು, ಚಾ ಮಾಡತೇನಿ’’ ಎನ್ನುವಳು. ನನಗೆ ಮೈ ಉರಿಯುತ್ತಿತ್ತು. ಅವಳಿಗೆ ನಗು.

ಒಂದು ಮಾತು ಮಾತ್ರ ಒಪ್ಪಬೇಕು. ಮಾವ ಅವಳನ್ನು ಕರೆದುಕೊಂಡು ಹೋಗಲಿಲ್ಲ, ಆದರೆ ಹೋದ ದಾರಿಯನ್ನೆಲ್ಲ ಮನೆಗೆ ತರುತ್ತಿದ್ದ. ಬಾಡಿಗೆ ಮುಗಿಸಿ ಬಂದು ಊಟಕ್ಕೆ ಕೂತರೆ ಎದುರಿಗಿದ್ದ ತಾಟೇ ಸ್ಟಿಯರಿಂಗು. ದೇವಿಮನೆ ಘಟ್ಟ ಇಳಿಯುವುದು, ಅರಬೈಲು ಘಟ್ಟ ಹತ್ತುವುದು, ಎಲ್ಲಿ ಹಾರ್ನ್ ಹಾಕಬೇಕು, ಎಲ್ಲಿ ಲಾರಿಗೆ ದಾರಿ ಬಿಡಬೇಕು, ಯಾವ ತಿರುವಿನಲ್ಲಿ ಮುಂಬೈ ಸಾಹುಕಾರ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದ, ಎಲ್ಲವೂ ತಾಟು ತಿರುಗಿಸುತ್ತಲೇ. ‘‘ಯಾವ ಗೇರಿನ್ಯಾಗ ಹತ್ತತೀವೋ ಅದರಾಗ ಇಳೀಬೇಕು ಪುಷ್ಪಾ, ಬ್ರೇಕ್ ನಂಬಬಾರ್ದು,’’ ಎನ್ನುವನು. ಗೇರು ಎಂದರೆ ಏನೆಂದು ಕಣ್ಣಿಂದ ಕಾಣದ ಅಕ್ಕ ಆ ಘಟ್ಟಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಮಾವ ತಪ್ಪಿದರೆ, ‘‘ಅಲ್ಲಿ ಎಡಕ್ಕಲ್ಲೇನ್ರಿ? ಹೋದ ಸಲ ಎಡಕ್ಕ ಅಂದಿದ್ರಿ’’ ಎಂದು ತಿದ್ದುವಳು. ಬೇರೆಯವರಿಗೆ ಘಟ್ಟ ಎಂದರೆ ಏರುವುದು. ಬಯಲಿನವರಾದ ನಮಗೆ ಮೊದಲು ಇಳಿಯುವುದು, ಸಮುದ್ರ ನೋಡಿ ಆದಮೇಲೆ ಏರುವುದು. ಆ ಇಳಿಜಾರಿನ ಕೊನೆಯ ಸಮುದ್ರವನ್ನು ಅಕ್ಕ ಒಮ್ಮೆಯೂ ಕಂಡಿರಲಿಲ್ಲ.

ಅವಳಿಗೂ ಪುರಸೊತ್ತಿರಲಿಲ್ಲವೆನ್ನಿ. ಮನೆಯ ಮುಂದಿನ ಪಡಸಾಲೆಯಲ್ಲಿ ಖಾರ ಬೀಸುವ ಮಷಿನ್ ಹಾಕಿಕೊಂಡಿದ್ದಳು. ಇಪ್ಪತ್ತನಾಲ್ಕು ವರ್ಷ ಬೀಸಿದಳು. ತಲೆಗೊಂದು ಬಟ್ಟೆ, ಮೂಗಿಗೊಂದು ಸೆರಗು, ಅಷ್ಟೇ ರಕ್ಷಣೆ. ಮುಖದ ಮೇಲೆ ಸದಾ ಕೆಂಪು ಪುಡಿ. ಬ್ಯಾಡಗಿಯಲ್ಲಿ ಬಸ್ಸಿಳಿದ ಪರ ಊರಿನವರು ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ನಮಗೆ ಅದೊಂದು ತಮಾಷೆ. ನಾನು ಪಕ್ಕದ ಮೋಟೆಬೆನ್ನೂರಿನವನು, ಅಕ್ಕನ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಓದಿದವನು, ಈಗ ರಾಣೆಬೆನ್ನೂರಿನಲ್ಲಿ ನನ್ನದು ಬೀಜದ ಅಂಗಡಿ. ಅಂಗಡಿಯಲ್ಲೂ ಅರ್ಧ ಮೆಣಸಿನ ಬೀಜವೇ. ಹೀಗಾಗಿ ನನ್ನ ಮೂಗೂ ಬ್ಯಾಡಗಿಯ ಮೂಗು. ಮೆಣಸಿನ ಘಾಟು ಇದ್ದರೂ ಅದಕ್ಕೆ ತಿಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಅಕ್ಕನಿಗೆ ಒಣಕೆಮ್ಮು ಹತ್ತಿತು. ದಾವಣಗೆರೆಯ ಡಾಕ್ಟರು ಸ್ಕ್ಯಾನಿಂಗ್ ತೋರಿಸಿ, ಶ್ವಾಸಕೋಶ ಗಟ್ಟಿಯಾಗುತ್ತ ನಡೆದಿದೆ, ಮತ್ತೆ ಮೆತ್ತಗಾಗುವುದಿಲ್ಲ, ಔಷಧದಿಂದ ವೇಗ ತಗ್ಗಿಸಬಹುದು ಅಷ್ಟೇ ಎಂದರು. ಖಾರದ ಮಷಿನ್ ಮಾರಿದೆವು. ಅದು ಹೋದ ಜಾಗದಲ್ಲೇ ಆಮ್ಲಜನಕದ ಮಷಿನ್ ಬಂದು ಕೂತಿತು. ಮೂಗಿಗೆ ಸಣ್ಣ ನಳಿಕೆ ಸಿಕ್ಕಿಸಿಕೊಂಡು ಅಕ್ಕ ಅದರ ಪಕ್ಕ ಕೂತು ಹೋಗಿಬರುವವರನ್ನು ಮಾತಾಡಿಸುವಳು. ಮೊದಲು ಓಣಿಯ ಕೊನೆತನಕ ಕೇಳುತ್ತಿದ್ದ ದನಿ ಅಂಗಳ ದಾಟದಂತಾಯಿತು.

ಹೋದ ದೀಪಾವಳಿ ಮುಗಿದ ವಾರ ಊಟಕ್ಕೆ ಬಡಿಸುತ್ತ ಅಕ್ಕ ಅಂದಳಂತೆ: ‘‘ರೀ, ನನ್ನ ಒಂದಿನ ಮುಂದಿನ ಸೀಟಿನ್ಯಾಗ ಕುಂದ್ರಿಸಿಕೊಂಡು ಘಟ್ಟ ಇಳಸ್ರಿ. ಸಮುದ್ರ ತೋರಸ್ರಿ. ಒಂದ ದಿನ ನಾವಿಬ್ರ ನಕ್ಕೋತ ಹೋಗಿ ಬರೂಣು. ಮತ್ತೇನೂ ಕೇಳೂದಿಲ್ಲ ನಿಮಗ.’’

ಮಾವ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟ. ಅವಳು ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು ಎಂದು ಆಗ ಅವನಿಗೆ ಹೊಳೆಯಿತಂತೆ. ಮೂವತ್ತೇಳು ವರ್ಷಕ್ಕೆ ಹೊಳೆಯಿತು, ಭಾಗ್ಯ!

ಡಾಕ್ಟರರನ್ನು ಕೇಳಿದರು. ‘‘ಕೆಳಗೆ ಇಳಿಯುವುದಕ್ಕೆ ತೊಂದರೆ ಇಲ್ಲ, ಅಲ್ಲಿನ ಗಾಳಿ ಇನ್ನೂ ಒಳ್ಳೆಯದೇ. ಸಣ್ಣ ಸಿಲಿಂಡರ್ ಜೊತೆಗಿರಲಿ. ಧೂಳು, ಹೊಗೆ ಮಾತ್ರ ತಾಕಬಾರದು,’’ ಎಂದರು. ಹಾಗಾದರೆ ಹೊಸ ಕಾರು ಗೊತ್ತು ಮಾಡೋಣ, ಎಸಿ ಇರುವಂಥದ್ದು ಎಂದು ನಾನು ಹೇಳಿದೆ. ಮಾವ ಬಾಯಿ ತೆರೆಯುವ ಮೊದಲೇ ಅಕ್ಕ ನನ್ನನ್ನು ಗದರಿಸಿದಳು.

‘‘ಹೊಸಾ ಕಾರಿನ್ಯಾಗ ಹೋಗಾಕ ನಾ ಏನ ಬೀಗರ ಮನಿಗೆ ಹೊಂಟೇನೇನೋ? ಇಷ್ಟ ವರ್ಷ ನನ್ನ ಗಂಡನ್ನ ಇಟ್ಕೊಂಡಾಳ ಸವತಿ. ಆಕಿ ಮ್ಯಾಲ ಒಮ್ಮೆರ ಸವಾರಿ ಮಾಡಬೇಕ ನಾನು.’’

ಕಾರು ಕೊರೊನಾ ಬಂದಾಗಿನಿಂದ ಶೆಡ್ಡಿನಲ್ಲಿ ನಿಂತಿತ್ತು. ಕಾಗದಪತ್ರ ಎಲ್ಲ ಸರಿ ಇಟ್ಟುಕೊಂಡಿದ್ದ ಮಾವ, ಓಡಿಸುವುದು ಮಾತ್ರ ಬಿಟ್ಟಿದ್ದ. ಶೆಡ್ಡಿಗೆ ಅಂಟಿಕೊಂಡೇ ಜೋಳದ ಗೋದಾಮು, ಗೋದಾಮಿನ ತುಂಬ ಇಲಿ. ಇಲಿ ವೈರು ಕಡಿಯಬಾರದೆಂದು ನಮ್ಮಲ್ಲಿ ಟ್ರ್ಯಾಕ್ಟರಿಗೆ, ಪಂಪುಸೆಟ್ಟಿನ ಪೆಟ್ಟಿಗೆಗೆ ಮೆಣಸಿನಕಾಯಿ ಕುಟ್ಟಿ ಹಾಕುವ ರೂಢಿ. ಮಾವನೂ ಹಾಕಿದ್ದ. ಅದೂ ಬ್ಯಾಡಗಿ ಕಾಯಿಯಲ್ಲ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲಿ ಅದಕ್ಕೆ ಹೆದರುವುದಿಲ್ಲ, ಬೇಕಾದರೆ ತುಟಿಗೆ ಹಚ್ಚಿಕೊಂಡು ಮೆರೆದೀತು. ಗುಂಟೂರು ಕಾಯಿ ತರಿಸಿ, ತರಿತರಿಯಾಗಿ ಕುಟ್ಟಿ, ಸೀಟಿನ ಅಡಿಗೆ, ಬಾನೆಟ್ಟಿನ ಒಳಗೆ, ಸಂದುಗೊಂದಿಗೆಲ್ಲ ಎರಚಿದ್ದ. ವರ್ಷಕ್ಕೆರಡು ಸಲ ಹೊಸದಾಗಿ ಎರಚುತ್ತಿದ್ದ. ಮಕ್ಕಳಿಗೆ ಲಸಿಕೆ ಹಾಕಿಸಿದಷ್ಟು ನಿಷ್ಠೆ.

ಅದನ್ನೆಲ್ಲ ತೆಗೆಯಬೇಕೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ. ಐದು ದಿನ ಅವನೂ, ಹಳೆಯ ಮೆಕ್ಯಾನಿಕ್ ಯೂಸುಫಸಾಬನೂ ಸೇರಿ ಸೀಟು ಕಳಚಿದರು, ಪೈಪು ಹಿಡಿದು ತೊಳೆದರು, ಬಿಸಿಲಿಗೆ ಒಣಗಿಸಿದರು, ಹೊಸ ಕವರು ಹೊಲಿಸಿದರು. ಕೊನೆಗೆ ಯೂಸುಫಸಾಬ ಒಳಗೆ ತಲೆ ಹಾಕಿ ಮೂಸಿ, ‘‘ಏನೂ ಇಲ್ರಿ ಮಾಲಕರ, ಹೊಸಾ ರೆಗ್ಝಿನ್ ವಾಸನಿ ಅಷ್ಟ,’’ ಎಂದ. ಮಾವನಿಗೆ ಸಮಾಧಾನವಾಗಲಿಲ್ಲ. ರಾಣೆಬೆನ್ನೂರಿನಿಂದ ನನ್ನನ್ನು ಕರೆಸಿದ.

‘‘ನೀ ಛಿದ್ರ ಹುಡಕೂದ್ರಾಗ ಶ್ಯಾಣ್ಯಾ ಅದಿ. ಒಳಗ ಕುಂತು ನೋಡು. ಖಾರದ ವಾಸನಿ ಒಂದೀಟರ ಬಂದ್ರ ಹೇಳು.’’

ನಾನು ಬಾಗಿಲು ಹಾಕಿಕೊಂಡು, ಗಾಜು ಏರಿಸಿಕೊಂಡು, ಹತ್ತು ನಿಮಿಷ ಕೂತೆ. ಸೀಟಿಗೆ ಮುಖ ಹಚ್ಚಿ ಉಸಿರು ಎಳೆದೆ. ‘‘ಏನೂ ಇಲ್ರಿ ಮಾವಾ. ನಿಮ್ಮ ತಲೀ ಎಣ್ಣಿ ವಾಸನಿ ಬರತೈತಿ, ಬೇಕಾರ ಅದನ್ನ ತೊಳಕೊಳ್ರಿ,’’ ಎಂದೆ. ಇಬ್ಬರೂ ನಕ್ಕರು.

ಮೂರು ಮೂಗು ಪರೀಕ್ಷೆ ಮಾಡಿ ಪಾಸು ಮಾಡಿದವು. ಮೂರೂ ಹುಟ್ಟಿದಾಗಿನಿಂದ ಮೆಣಸಿನ ಗಾಳಿ ಕುಡಿದ ಮೂಗುಗಳು. ಹೊರಗಿನವನೊಬ್ಬನನ್ನು, ಯಾರೋ ಬಸ್ಸಿನ ಕಂಡಕ್ಟರನನ್ನೋ ಬ್ಯಾಂಕಿನ ಹೊಸ ಮ್ಯಾನೇಜರನನ್ನೋ ಕರೆದು ಮೂಸಿಸೋಣ ಎಂದು ಮೂವರಲ್ಲಿ ಒಬ್ಬನಿಗೂ ತೋಚಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಹೊರಗಿನ ಗಾಳಿ ಒಳಬರುವ ಒಂದು ಕಿಂಡಿ ಇದೆ, ಮುಚ್ಚಳ ಹಾಕಿದರೂ ಸಂದಿಯಿಂದ ಚೂರು ಗಾಳಿ ಸೂಸುವಂಥದ್ದು. ಅದರೊಳಗೆ ಎಂದೋ ಎರಡು ಹಿಡಿ ಸುರಿದಿದ್ದನ್ನು ಮಾವ ಮರೆತಿದ್ದ. ತೊಳೆದ ನೀರು ಅಲ್ಲಿಗೆ ಮುಟ್ಟಿರಲಿಲ್ಲ.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಹೊರಟರು. ನಾನು ಜೊತೆಗಿರಲಿಲ್ಲ, ಕರೆಯಲೂ ಇಲ್ಲ. ಕರೆದಿದ್ದರೆ ಮೂವರ ನಡುವೆ ಅಕ್ಕನ ಆ ದಿನ ಹಾಳಾಗುತ್ತಿತ್ತು. ಇಲ್ಲಿಂದ ಮುಂದೆ ನಾನು ಬರೆಯುವುದು ಅರ್ಧ ಅಕ್ಕ ಹೇಳಿದ್ದು, ಅರ್ಧ ಮಾವ ಹೇಳಿದ್ದು.

ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡಿದ್ದಳು. ಕಾಲ ಹತ್ತಿರ ಸಿಲಿಂಡರ್, ಮೂಗಿಗೆ ನಳಿಕೆ. ಮುಂದಿನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿಗೆ ಒಂದು ಏಟು ಕೊಟ್ಟು, ‘‘ನೋಡವ್ವಾ ಸವತಿ, ಇವತ್ತ ನಾ ಮುಂದ ಕುಂತೇನಿ,’’ ಎಂದಳಂತೆ. ಮೋಟೆಬೆನ್ನೂರು ದಾಟುವಾಗ ನಮ್ಮ ಹಳೆಯ ಮನೆಯ ಕಡೆ ಕೈ ಬೀಸಿದಳು. ಅಲ್ಲಿ ಯಾರೂ ಇರಲಿಲ್ಲ. ಹಾವೇರಿಯ ಪೆಟ್ರೋಲ್ ಬಂಕಿನಲ್ಲಿ ಕಾಲೇಜು ಹುಡುಗಿಯರು ಓಡಿಬಂದು ಕಾರಿನ ಜೊತೆ ಫೋಟೊ ತೆಗೆಸಿಕೊಂಡರು. ‘‘ಅಜ್ಜಾ, ಎಷ್ಟು ವರ್ಷದ ಗಾಡಿರಿ ಇದು?’’ ಎಂದು ಕೇಳಿದರೆ ಅಕ್ಕನೇ ಉತ್ತರ ಕೊಟ್ಟಳು: ‘‘ನಮ್ಮ ಸಂಸಾರಕ್ಕ ಎಷ್ಟೋ ಅಷ್ಟವಾ. ಆದ್ರ ನನಗಿಂತ ಇದನ್ನ ಛಲೋ ಇಟ್ಟಾರ ನೋಡ್ರಿ!’’

ಥಂಡಿ ಇತ್ತು, ಗಾಜು ಏರಿಸಿಕೊಂಡಿದ್ದರು. ಹಾನಗಲ್ಲು ದಾಟಿದ ಮೇಲೆ ಅಕ್ಕ ನಗತೊಡಗಿದಳು. ದಾರಿಯ ಪಕ್ಕದ ಕೆರೆ ಕಂಡು, ‘‘ರೀ, ಸಮುದ್ರದಷ್ಟ ಕೆರಿ ಅಂತಿದ್ರಲ್ಲ, ಇದ ಏನ್ರಿ? ನಮ್ಮ ಹಿತ್ತಲ ನೀರಿನ ಬಾನಿ ಇದಕ್ಕಿಂತ ದೊಡ್ಡದೈತಿ!’’ ಎಂದು ನಕ್ಕಳು. ಮಾವ ಮುಂಬೈ ಸಾಹುಕಾರನ ಕತೆ ಹೇಳಿದರೆ ನಕ್ಕಳು. ಎಮ್ಮೆ ಅಡ್ಡ ಬಂದರೆ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಿಟಕಿಯ ಕಡೆ ತಿರುಗಿ ಭುಜ ಅಲುಗಾಡಿಸಿ ನಕ್ಕಳು. ಮಾವನಿಗೆ ಇಪ್ಪತ್ತು ವರ್ಷ ಸಣ್ಣವನಾದ ಹಾಗೆ ಅನ್ನಿಸಿತಂತೆ. ಎಂದೂ ಹಾಡದ ಮನುಷ್ಯ ಜಾನಪದ ಹಾಡೊಂದನ್ನು ಬಾಯಿಗೆ ಬಂದಂತೆ ಹಾಡಿದ. ಅಕ್ಕ ಅದಕ್ಕೂ ನಕ್ಕಳು. ಹೀಗೇ ಶಿರಸಿ ಬಂತು.

ಶಿರಸಿ ದಾಟಿ ದೇವಿಮನೆ ಘಟ್ಟ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಎದುರಿಗೆ ಲಾರಿಗಳ ಸಾಲು, ರಸ್ತೆಯ ತುಂಬ ಧೂಳು. ಧೂಳು ತಾಕಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಮಾವ ಗಾಜುಗಳನ್ನು ಬಿಗಿಯಾಗಿ ಏರಿಸಿ, ಸೆಕೆಯಾಗಬಾರದೆಂದು ಕೆಳಗಿನ ಕಿಂಡಿಯ ಮುಚ್ಚಳ ತೆರೆದ. ಮೊದಲ ತಿರುವಿನಲ್ಲಿ ಅಕ್ಕನಿಗೆ ಕೆಮ್ಮು ಬಂತು. ಎರಡನೆಯದರಲ್ಲಿ ನಿಲ್ಲಲಿಲ್ಲ. ರೋಗದ ಕೆಮ್ಮು, ಹೊರಗಿನ ಧೂಳಿಗೆ ಬಂದಿದೆ ಎಂದುಕೊಂಡ ಮಾವ ಗಾಜನ್ನು ಇನ್ನಷ್ಟು ಒತ್ತಿದ, ಸಿಲಿಂಡರ್ ಹೆಚ್ಚು ತಿರುಗಿಸಿದ. ಅಕ್ಕ ಮಾತಾಡಲಾಗದೆ ಕೈಯಿಂದ ಮುಂದೆ, ಮುಂದೆ ಎಂದು ತೋರಿಸುತ್ತಿದ್ದಳು. ಐದನೇ ತಿರುವಿಗೆ ಅವಳ ತುಟಿ ನೀಲಿಯಾಗಿತ್ತು.

ಆ ತಿರುವಿನಲ್ಲಿ ಒಂದು ಚಹಾದ ಗೂಡಂಗಡಿ, ಮಾವ ಅದರ ಮುಂದೆ ಗಾಡಿ ನಿಲ್ಲಿಸಿದ. ಅಂಗಡಿಯ ಹೆಂಗಸು, ಘಟ್ಟದ ಕೆಳಗಿನವಳು, ನೀರಿನ ಚೊಂಬು ಹಿಡಿದು ಓಡಿಬಂದಳು. ಮಾವ ಬಾಗಿಲು ತೆಗೆದ. ಅವಳು ಒಳಗೆ ತಲೆ ಹಾಕಿದವಳೇ ಚೊಂಬು ಕೈಬಿಟ್ಟು ಹಿಂದೆ ಸರಿದು ನಾಲ್ಕು ಸಲ ಸೀನಿದಳು.

‘‘ಅಯ್ಯಬ್ಬಾ, ಎಂತ ಘಾಟು ಮಾರಾಯ್ರೇ!’’ ಎಂದಳು, ಮೂಗು ಮುಚ್ಚಿಕೊಂಡು. ‘‘ಗಾಡಿಯೊಳಗೆ ಮೆಣಸಿನಕಾಯಿ ಕುಟ್ಟಿದ್ರಾ ನೀವು?’’

ಮಾವ ಅವಳನ್ನೇ ನೋಡಿದ. ಆಮೇಲೆ ಕಿಂಡಿಯ ಮುಂದೆ ಕೈ ಹಿಡಿದು ನೋಡಿದ. ಅಂಗೈಯ ಮೇಲೆ ಕೆಂಪು ಪುಡಿ ಸಣ್ಣಗೆ ಕೂತಿತ್ತು.

ಅ‍ಕ್ಕನನ್ನು ಎರಡೂ ಕೈಯಲ್ಲಿ ಎತ್ತಿ ಅಂಗಡಿಯ ಬೆಂಚಿನ ಮೇಲೆ ಮಲಗಿಸಿದ. ಬಯಲ ಗಾಳಿಗೆ ಅರ್ಧ ತಾಸಿನ ಮೇಲೆ ಅವಳಿಗೆ ಮಾತು ಬಂತು. ‘‘ಗಾಜ ಇಳಿಸಿಕೊಂಡು ಹೋಗೂಣ್ರಿ. ಇನ್ನ ಒಂದ ತಾಸಿನ ದಾರಿ. ನನಗ ಗೊತ್ತೈತಿ, ನೀವ ಹೇಳೀರಿ,’’ ಎಂದಳು. ಅಂಗಡಿಯವಳು ಕಣಿವೆಯ ಕಡೆ ಕೈ ತೋರಿಸಿ, ‘‘ಅಲ್ಲೇ ಸಮುದ್ರ ಅಮ್ಮ, ಇವತ್ತು ಮಂಜು ಮುಸುಕಿದೆ,’’ ಎಂದಳು. ಅಕ್ಕ ಎದ್ದು ಕೂತು ನೋಡಿದಳು. ಬೆಳ್ಳಗೆ ಬಿಟ್ಟರೆ ಏನೂ ಕಾಣಲಿಲ್ಲ. ಮಾವ ಮೇಲೆ ಹತ್ತುತ್ತಿದ್ದ ಯಾರದೋ ಜೀಪಿಗೆ ಅಡ್ಡ ನಿಂತು, ಅವಳನ್ನು ಶಿರಸಿಯ ಆಸ್ಪತ್ರೆಗೆ ತಂದ. ಅವಳು ಜೀಪಿನಲ್ಲಿ ಹಿಂದಕ್ಕೇ ತಿರುಗಿ ಕೂತಿದ್ದಳಂತೆ. ಕಾರು ಆ ತಿರುವಿನಲ್ಲೇ ನಿಂತಿತು. ಮೂರನೇ ದಿನ ಯೂಸುಫಸಾಬ ಹೋಗಿ ತಂದ.

ನಾನು ಶಿರಸಿ ಮುಟ್ಟಿದಾಗ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡು ಅಂಗೈ ಚಾಚಿ ತೋರಿಸಿದ. ತೊಳೆದ ಅಂಗೈ, ಏನೂ ಇರಲಿಲ್ಲ. ನಾನು ಬೈಯಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಹತ್ತು ನಿಮಿಷ ಆ ಕಾರಿನಲ್ಲಿ ಕೂತು ಮೂಸಿ ಏನೂ ಇಲ್ಲ ಎಂದವನು ನಾನು.

ಮರುದಿನ ಬೆಳಿಗ್ಗೆ ಮಾವ ಔಷಧಿ ತರಲು ಹೋದಾಗ ಅಕ್ಕ ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸರಿಸಿ ನನ್ನನ್ನು ಹತ್ತಿರ ಕರೆದಳು.

‘‘ಸಿದ್ದೂ, ನನಗ ಹಾನಗಲ್ಲ ದಾಟೂದ್ರಾಗ ಗೊತ್ತಾಗಿತ್ತೋ.’’

‘‘ಏನ ಗೊತ್ತಾಗಿತ್ತಕ್ಕಾ?’’

‘‘ಖಾರ. ಮೂಗಿಗೆ ತಿಳೀಲಿಲ್ಲ, ಗಂಟಲಕ್ಕ ತಿಳೀತು. ಇಪ್ಪತ್ನಾಕ ವರ್ಷ ಬೀಸೇನಿ, ಗುಂಟೂರ ಕಾಯಿ ಗಂಟಲಕ್ಕ ಇಳದ್ರ ನನಗ ತಿಳೀದಂಗ ಇರತೈತೇನು?’’

ನನಗೆ ರೇಗಿತು. ಸಾಯುತ್ತಿರುವ ಅಕ್ಕನ ಮೇಲೆ ರೇಗಿದೆ. ‘‘ತಿಳದ ಮ್ಯಾಲ ಬಾಯಿ ಬಿಡಾಕೇನಾಗಿತ್ತು ನಿನಗ?’’

‘‘ಹೇಳಿದ್ರ ಅಲ್ಲೇ ಗಾಡಿ ತಿರಗಸ್ತಿದ್ರು. ಗಾಜ ಇಳಸ್ರಿ ಅಂದ್ರೂ ಯಾಕ ಅಂತ ಕೇಳ್ತಿದ್ರು, ತಿಳಕೊಂಡ ಬಿಡ್ತಿದ್ರು. ನನಗ ಆ ಒಂದ ದಿನ ಬೇಕಾಗಿತ್ತೋ. ಅದಕ್ಕ ಕೆಮ್ಮ ಬಂದಾಗೆಲ್ಲ ನಕ್ಕೆ. ನಗೂದ್ರಾಗ ಕೆಮ್ಮು ಮುಚ್ಚಿ ಹೋಗತೈತಿ.’’ ಉಸಿರು ಹಿಡಿದು ಮತ್ತೆ ಅಂದಳು: ‘‘ಹಂಗಂತ ಸುಳ್ಳ ನಗಿ ಅಲ್ಲ ಮತ್ತ. ಭಾಳ ಛಲೋ ಅನಸಿತ್ತು. ಅವರು ಹಾಡಿದ್ರೋ ಸಿದ್ದೂ! ಅವರಿಗೆ ಇದನ್ನ ಹೇಳಬ್ಯಾಡ. ನಾ ನಕ್ಕಿದ್ದ ಅಷ್ಟ ನೆನಪಿರ್ಲಿ ಅವರಿಗೆ. ನಿನ್ನ ಬಾಯಿ ಭದ್ರ ಇಲ್ಲ, ನನ್ನ ಮ್ಯಾಲ ಆಣಿ ಮಾಡು.’’

ಆಣೆ ಮಾಡಿದೆ.

ನಾಲ್ಕು ದಿನದ ಮೇಲೆ ಬ್ಯಾಡಗಿಗೆ ಕರೆತಂದೆವು. ಸಂಕ್ರಾಂತಿಯನ್ನು ಅವಳು ನೋಡಲಿಲ್ಲ. ಕೊನೆಯ ವಾರ ಮಾತಿರಲಿಲ್ಲ, ಮಾವನ ಕೈ ಹಿಡಿದುಕೊಂಡು ಮಲಗಿರುತ್ತಿದ್ದಳು. ಅವನು ಆ ಕೈ ಬಿಡಿಸಿಕೊಂಡು ಒಂದು ದಿನವೂ ಎದ್ದುಹೋಗಲಿಲ್ಲ. ಇಷ್ಟು ವರ್ಷ ಎಲ್ಲಿದ್ದನೋ ಆ ಗಂಡ.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಮಾವ ಒಂದೇ ಮಾತು ಹೇಳಿದ: ‘‘ರೋಗದಿಂದ ಹೋಗಲಿಲ್ರಿ ಆಕಿ. ನಾನ ಕೊಂದೆ. ಗಾಡಿಯಾಗ ಖಾರ ಇತ್ತು.’’ ಬಂದವರು ಒಬ್ಬರ ಮುಖ ಒಬ್ಬರು ನೋಡುವರು. ಯಾರೋ ಒಬ್ಬರು ಎದ್ದು ಶೆಡ್ಡಿಗೆ ಹೋಗಿ ಕಾರಿನ ಬಾಗಿಲು ತೆಗೆದು ಮೂಸಿ ಬರುವರು. ‘‘ಏನೂ ಇಲ್ಲಲ್ಲೋ ಪ್ರಭುಲಿಂಗಪ್ಪಾ, ನಿನಗ ಭ್ರಮಿ,’’ ಎನ್ನುವರು. ಪಕ್ಕದ ಮನೆಯ ಗದಿಗೆವ್ವ ಎಂಬತ್ತು ದಾಟಿದವಳು, ಕೋಲೂರಿಕೊಂಡು ಹೋಗಿ ಮೂಸಿ ಬಂದು, ‘‘ಆಕಿ ಆಯುಷ್ಯ ಅಷ್ಟ ಇತ್ತೋ ಯಪ್ಪಾ, ಗಾಡಿಯಾಗ ಏನೂ ಇಲ್ಲ,’’ ಎಂದು ಅವನ ತಲೆ ಸವರಿದಳು. ಬ್ಯಾಡಗಿಯ ಮೂಗುಗಳು, ಒಂದಾದ ಮೇಲೊಂದು. ಯಾರದೂ ಸುಳ್ಳಲ್ಲ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಾವ ಪ್ರತಿಯೊಬ್ಬರಿಗೂ ತಲೆಯಾಡಿಸಿ ‘‘ಇದ್ದೀತು’’ ಎನ್ನುವನು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ‘‘ಹಾನಗಲ್ಲಿಂದ ಶಿರಸಿ ತನಕ ಆಕಿ ನಕ್ಕಳೋ ಸಿದ್ದಲಿಂಗೇಶಾ. ಅದೊಂದ ಐತಿ ನನಗ,’’ ಎನ್ನುವನು. ಆ ಮಾತು ಹೇಳುವಾಗ ಮಾತ್ರ ಅವನ ಮುಖ ಸ್ವಲ್ಪ ಸಡಿಲಾಗುತ್ತಿತ್ತು.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಯಿತು. ಉಂಡವರು ಹೋದರು. ಶೈಲಶ್ರೀ ಒಳಗೆ ಪಾತ್ರೆ ಜೋಡಿಸುತ್ತಿದ್ದಳು. ಪಡಸಾಲೆಯಲ್ಲಿ ನಾವಿಬ್ಬರೇ. ಮಾವ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದ. ಜೋರಾಗಿಯಲ್ಲ, ಒಂದೇ ಸಮನೆ.

‘‘ನೀನರ ಬೈಯೋ. ಇಷ್ಟ ವರ್ಷ ಬೈದಿ, ಈಗ್ಯಾಕ ಸುಮ್ಮ ಕುಂತಿ? ಕೊಂದೀ ಅಂತ ಅನ್ನು. ನನ್ನ ಕೈಯಾಗ ಸತ್ತಳಲ್ಲೋ ಆಕಿ, ಏನೂ ತಿಳೀಲಾರದ ಸತ್ತಳಲ್ಲೋ!’’

ನನಗೆ ತಡೆಯಲಾಗಲಿಲ್ಲ. ಅವನ ಭಾರ ಇಳಿಸಬೇಕೆಂದೇ ಹೇಳಿದೆ, ದೇವರಾಣೆ. ಅವಳ ಮೇಲೆ ಮಾಡಿದ ಆಣೆ ಅವಳ ಹಿಂದೆಯೇ ಹೋಯಿತು ಎಂದುಕೊಂಡೆ. ‘‘ತಿಳೀಲಾರದ ಅಲ್ರಿ ಮಾವಾ. ಅಕ್ಕಗ ಎಲ್ಲಾ ತಿಳದಿತ್ತು. ಹಾನಗಲ್ಲಿನ್ಯಾಗನ ತಿಳದಿತ್ತು. ತಾನ ಹಟಾ ಹಿಡದು ಬಂದಾಳ. ನೀವು ಕೊಂದಿಲ್ಲ.’’

ಮಾವನ ತಲೆ ನಿಂತಿತು.

‘‘ಹಾನಗಲ್ಲಿನ್ಯಾಗನಾ?’’

‘‘ಹೂಂರಿ. ಹೇಳಿದ್ರ ನೀವು ಗಾಡಿ ತಿರಗಸ್ತೀರಿ ಅಂತ ಹೇಳ್ಲಿಲ್ಲಂತ. ಕೆಮ್ಮ ಬಂದಾಗೆಲ್ಲ ನಗಿಯಾಗ...’’

ಅಷ್ಟಕ್ಕೆ ನನ್ನ ಬಾಯಿ ಕಟ್ಟಿತು. ಕಟ್ಟಬೇಕಾದದ್ದು ಅದಕ್ಕಿಂತ ಮೊದಲು. ಮಾವ ಎದುರಿಗಿನ ಬಾಗಿಲನ್ನು ನೋಡುತ್ತ ಕೂತ. ದಾರಿ ಲೆಕ್ಕ ಹಾಕುವವನ ಹಾಗೆ ಒಂದೊಂದೇ ಕೇಳಿದ.

‘‘ಕೆರಿ ನೋಡಿ ನಕ್ಕಿದ್ದು?’’

ನಾನು ಕೂತಲ್ಲಿಂದ ಅವನ ಹತ್ತಿರಕ್ಕೆ ಸರಿದೆ.

‘‘ಕಣ್ಣಾಗ ನೀರ ಬಂದಿದ್ದು? ಸೆರಗ ಬಾಯಿಗೆ ಹಚ್ಚಿಕೊಂಡಿದ್ದು?’’

‘‘ಮಾವಾ...’’

‘‘ಅಂದ್ರ ಆಕಿ ಬಾಜೂಕ ಕುಂತು ಉಸರಿಲ್ಲದ ಒದ್ದಾಡಾಕತ್ತಿದ್ದಳು,’’ ಎಂದ. ‘‘ನಾನು ಹಾಡ ಹೇಳಾಕತ್ತಿದ್ದೆ.’’

ಅವನ ಕೈ ಹಿಡಿದುಕೊಂಡೆ. ಎಂದೂ ಹಿಡಿದವನಲ್ಲ. ಸುಳ್ಳು ನಗೆ ಅಲ್ಲವಂತೆ ಅದು, ಅಕ್ಕನೇ ಹಾಗೆ ಹೇಳಿದಳು, ಭಾಳ ಛಲೋ ಅನಸಿತ್ತು ಎಂದಳು, ನೀವು ಹಾಡಿದ್ದನ್ನು ನನಗೆ ಎಷ್ಟು ಹಿಗ್ಗಿನಿಂದ ಹೇಳಿದಳು ಎಂದು ಅವಳ ಮಾತುಗಳನ್ನು ಹಾಗೆಹಾಗೇ ಒಪ್ಪಿಸಿದೆ. ಒಂದಕ್ಷರ ನನ್ನದು ಸೇರಿಸಲಿಲ್ಲ. ಎರಡು ಸಲ ಹೇಳಿದೆ. ಅಕ್ಕನ ಮೇಲೆ ಆಣೆ ಮಾಡಿ ಹೇಳಿದೆ.

ಮಾವ ನನ್ನ ಮುಖ ನೋಡಿ ನಿಧಾನಕ್ಕೆ ತಲೆಯಾಡಿಸಿದ, ಗದಿಗೆವ್ವನಿಗೆ ಆಡಿಸಿದ ಹಾಗೆ.

‘‘ಇದ್ದೀತು ತಮ್ಮಾ,’’ ಎಂದ.